ಮಾತ್ರೆ ನುಂಗುವ ಮೊದಲೇ ತಿಳಿಯಬಹುದಾದ ಅಪಾಯ: ಚರ್ಮ ಸುಲಿಯುವ ಔಷಧ ಅಲರ್ಜಿ ಮತ್ತು ನಮ್ಮ ಜೀನ್‌ಗಳು

ಹೊಸ ಮಾತ್ರೆ ಶುರು ಮಾಡಿ ಎರಡು ವಾರ ಆಗಿರುತ್ತದೆ. ಫಿಟ್ಸ್‌ಗೆ ಕೊಟ್ಟದ್ದಿರಬಹುದು, ಯೂರಿಕ್ ಆಸಿಡ್‌ಗೆ ಇರಬಹುದು. ಇಷ್ಟು ದಿನ ಏನೂ ತೊಂದರೆ ಇಲ್ಲ. ಒಂದು ಸಂಜೆ ಮೈ ಬಿಸಿಯಾಗುತ್ತದೆ, ಗಂಟಲು ನೋಯುತ್ತದೆ, ಕಣ್ಣು ಉರಿಯುತ್ತದೆ. ಯಾರಿಗಾದರೂ ಮೊದಲು ಹೊಳೆಯುವುದು ನೆಗಡಿ-ಜ್ವರವೇ ಅಲ್ವಾ? ಜ್ವರದ ಮಾತ್ರೆ ನುಂಗುತ್ತಾರೆ. ಜೊತೆಗೆ ಆ ಹೊಸ ಮಾತ್ರೆಯನ್ನೂ ತಪ್ಪದೆ ನುಂಗುತ್ತಾರೆ. ಎರಡು ದಿನ ಕಳೆಯುವಷ್ಟರಲ್ಲಿ ಎದೆ, ಬೆನ್ನು, ಮುಖದ ಮೇಲೆ ಕೆಂಪು, ನೇರಳೆ ಮಚ್ಚೆಗಳು ಏಳುತ್ತವೆ. ಅವು ತುರಿಸುವುದಕ್ಕಿಂತ ಜಾಸ್ತಿ ನೋಯುತ್ತವೆ. ಬಟ್ಟೆ ತಾಗಿದರೂ ತಡೆಯಲಾಗದ ಉರಿ. ತುಟಿ ಒಡೆದು ರಕ್ತ ಹೆಪ್ಪುಗಟ್ಟುತ್ತದೆ, ಬಾಯಿ ತುಂಬ ಹುಣ್ಣಾಗಿ ನೀರು ನುಂಗುವುದೂ ಕಷ್ಟ. ಆಮೇಲೆ ಮಚ್ಚೆಗಳು ಒಂದಕ್ಕೊಂದು ಕೂಡಿ ಗುಳ್ಳೆಯಾಗುತ್ತವೆ. ಆ ಜಾಗದಲ್ಲಿ ಬೆರಳಿಟ್ಟು ಸ್ವಲ್ಪ ಒತ್ತಿ ಜರುಗಿಸಿದರೆ ಸಾಕು, ಚರ್ಮದ ಮೇಲ್ಪದರ ಒದ್ದೆ ಕಾಗದದ ಹಾಗೆ ಸರಿದು ಬರುತ್ತದೆ.

ಇದು ಸ್ಟೀವನ್ಸ್-ಜಾನ್ಸನ್ ಸಿಂಡ್ರೋಮ್, ಚಿಕ್ಕದಾಗಿ ಎಸ್‌ಜೆಎಸ್. 1922ರಲ್ಲಿ ಆಲ್ಬರ್ಟ್ ಸ್ಟೀವನ್ಸ್ ಮತ್ತು ಫ್ರಾಂಕ್ ಜಾನ್ಸನ್ ಎಂಬ ಅಮೆರಿಕದ ಇಬ್ಬರು ಮಕ್ಕಳ ವೈದ್ಯರು ಇಬ್ಬರು ಹುಡುಗರಲ್ಲಿ ಇದನ್ನು ಕಂಡು ಬರೆದಿಟ್ಟರು. 1956ರಲ್ಲಿ ಸ್ಕಾಟ್ಲೆಂಡಿನ ಚರ್ಮರೋಗ ತಜ್ಞ ಅಲನ್ ಲಯೆಲ್ ಇನ್ನೂ ಭೀಕರವಾದ ರೂಪವೊಂದನ್ನು ವಿವರಿಸಿದರು. ಟಾಕ್ಸಿಕ್ ಎಪಿಡರ್ಮಲ್ ನೆಕ್ರೋಲಿಸಿಸ್, ಅಂದರೆ ಟೆನ್. ಈಗ ಎರಡನ್ನೂ ಒಂದೇ ಕಾಯಿಲೆಯ ಎರಡು ತುದಿ ಎಂದು ನೋಡುತ್ತಾರೆ. ಮೈಯ ಚರ್ಮದಲ್ಲಿ ಶೇಕಡಾ 10ಕ್ಕಿಂತ ಕಡಿಮೆ ಸುಲಿದರೆ ಎಸ್‌ಜೆಎಸ್, 30ಕ್ಕಿಂತ ಜಾಸ್ತಿ ಸುಲಿದರೆ ಟೆನ್, ನಡುವೆ ಇದ್ದರೆ ಎರಡರ ಬೆರಕೆ. ಎಸ್‌ಜೆಎಸ್‌ನಲ್ಲಿ ನೂರಕ್ಕೆ ಐದರಿಂದ ಹತ್ತು ಜನ ಸಾಯಬಹುದು, ಟೆನ್‌ನಲ್ಲಿ ಮೂವತ್ತು ಅಥವಾ ಇನ್ನೂ ಜಾಸ್ತಿ. ಬದುಕಿ ಬಂದವರಲ್ಲೂ ಎಷ್ಟೋ ಜನರಿಗೆ ಕಣ್ಣಿನ ತೊಂದರೆ ಉಳಿಯುತ್ತದೆ. ಕಣ್ಣೀರು ಬತ್ತುತ್ತದೆ, ರೆಪ್ಪೆ ಒಳಗೆ ಮಡಚಿಕೊಳ್ಳುತ್ತದೆ, ಕಣ್ಣಿನ ಪಾರದರ್ಶಕ ಪೊರೆಯ ಮೇಲೆ ಗಾಯದ ಕಲೆ ಕೂತು ದೃಷ್ಟಿಯೇ ಹೋಗಬಹುದು.

ಡ್ರೆಸ್ ಎಂದು ಕರೆಯುವ ಇನ್ನೊಂದು ಬಗೆಯೂ ಇದೆ. ಅದರಲ್ಲಿ ಸಾಮಾನ್ಯವಾಗಿ ಚರ್ಮ ಸುಲಿಯುವುದಿಲ್ಲ. ಮುಖ ಊದಿಕೊಳ್ಳುತ್ತದೆ, ಮೈಯೆಲ್ಲ ಕೆಂಪಾಗುತ್ತದೆ, ಕುತ್ತಿಗೆ ಕಂಕುಳಲ್ಲಿ ಗಡ್ಡೆ ಕಟ್ಟುತ್ತದೆ, ರಕ್ತದಲ್ಲಿ ಇಯೋಸಿನೋಫಿಲ್ ಎಂಬ ಬಿಳಿ ರಕ್ತಕಣ ಏರುತ್ತದೆ, ಲಿವರ್ ಕೆಡುತ್ತದೆ. ಇದು ಇನ್ನೂ ತಡವಾಗಿ, ಮಾತ್ರೆ ಶುರುವಾಗಿ ಎರಡರಿಂದ ಎಂಟು ವಾರಕ್ಕೆ ಬರುತ್ತದೆ. ಅಷ್ಟು ಹೊತ್ತಿಗೆ ಮಾತ್ರೆಯ ಮೇಲೆ ಯಾರಿಗೂ ಅನುಮಾನವೇ ಬಂದಿರುವುದಿಲ್ಲ.

ಇವೆಲ್ಲ ತೀರಾ ಅಪರೂಪ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಮಾತ್ರೆಯಿಂದ ಬರುವ ಹೆಚ್ಚಿನ ದದ್ದುಗಳು ಸಾದಾ ದದ್ದುಗಳೇ, ಔಷಧ ನಿಲ್ಲಿಸಿದರೆ ಹೋಗುತ್ತವೆ. ಎಸ್‌ಜೆಎಸ್, ಟೆನ್ ಎರಡೂ ಸೇರಿ ವರ್ಷಕ್ಕೆ ಹತ್ತು ಲಕ್ಷ ಜನರಲ್ಲಿ ಬೆರಳೆಣಿಕೆಯಷ್ಟು ಮಂದಿಗೆ ಆಗಬಹುದು. ಆದರೆ ಆದವರಿಗೆ ಮಾತ್ರ ಬದುಕೇ ಬುಡಮೇಲಾಗುತ್ತದೆ. ನಾನು ಇದನ್ನು ಬರೆಯುತ್ತಿರುವುದು ಯಾಕೆಂದರೆ, ಇದರಲ್ಲಿ ಒಂದು ಪಾಲನ್ನು ಮೊದಲ ಮಾತ್ರೆ ನುಂಗುವ ಮುಂಚೆಯೇ ತಪ್ಪಿಸಬಹುದು. ಒಂದು ರಕ್ತ ಪರೀಕ್ಷೆ ಸಾಕು. ಎಷ್ಟೋ ಜನರಿಗೆ ಅಂಥ ಪರೀಕ್ಷೆ ಇದೆ ಅನ್ನುವುದೇ ಗೊತ್ತಿಲ್ಲ.

ಅದೇ ಮಾತ್ರೆ, ಅದೇ ಡೋಸ್, ಒಬ್ಬರಿಗೆ ಮಾತ್ರ ಯಾಕೆ?

ಇಂಥದ್ದು ಆದಾಗ ಮನೆಯವರು ತಮ್ಮನ್ನು ತಾವೇ ಬೈದುಕೊಳ್ಳುತ್ತಾರೆ. ಊಟ ಸರಿಯಿರಲಿಲ್ಲವೇನೋ, ಡೋಸ್ ಜಾಸ್ತಿ ಆಯಿತೇನೋ, ಮಾತ್ರೆಯೇ ಕಲಬೆರಕೆಯೇನೋ ಅಂತ. ಸಾಮಾನ್ಯವಾಗಿ ಇದ್ಯಾವುದೂ ಕಾರಣವಲ್ಲ. ಸರಿಯಾದ ಕಾಯಿಲೆಗೆ, ಸರಿಯಾದ ಡೋಸ್‌ನಲ್ಲಿ, ಒಳ್ಳೆಯ ಗುಣಮಟ್ಟದ ಮಾತ್ರೆ ಕೊಟ್ಟಾಗಲೂ ಇದು ಆಗುತ್ತದೆ. ಕಾರಣ ಹುಡುಕಬೇಕಾದ್ದು ನಮ್ಮ ರೋಗನಿರೋಧಕ ವ್ಯವಸ್ಥೆ ಒಳಗಿನದನ್ನೂ ಹೊರಗಿನದನ್ನೂ ಗುರುತಿಸುವ ಬಗೆಯಲ್ಲಿ.

ನಮ್ಮ ಮೈಯ ಹೆಚ್ಚುಕಡಿಮೆ ಎಲ್ಲ ಜೀವಕೋಶಗಳ ಹೊರಮೈ ಮೇಲೂ ಎಚ್‌ಎಲ್‌ಎ ಎಂಬ ಪ್ರೋಟೀನ್‌ಗಳು ನಿಂತಿರುತ್ತವೆ. ಅಂಗಾಂಗ ಕಸಿ ಮಾಡುವಾಗ ಮ್ಯಾಚ್ ಆಗುತ್ತಾ ಅಂತ ನೋಡುತ್ತಾರಲ್ಲ, ಅದು ಇವನ್ನೇ. ಒಂದು ಎಚ್‌ಎಲ್‌ಎ ಪ್ರೋಟೀನನ್ನು ಬೊಗಸೆ ಅಂದುಕೊಳ್ಳಿ. ಜೀವಕೋಶದ ಒಳಗೆ ಪ್ರೋಟೀನ್‌ಗಳು ಸದಾ ಚೂರಾಗುತ್ತಿರುತ್ತವೆ. ಅದರ ಪುಟ್ಟ ಚೂರೊಂದನ್ನು ಈ ಬೊಗಸೆ ಹಿಡಿದು ಹೊರಗೆ ತೋರಿಸುತ್ತದೆ. ಟಿ ಕೋಶ ಎಂಬ ಬಿಳಿ ರಕ್ತಕಣಗಳು ಸುತ್ತಾಡುತ್ತಾ ಒಂದೊಂದು ಬೊಗಸೆಯನ್ನೂ ಇಣುಕಿ ನೋಡುತ್ತವೆ. ನಮ್ಮದೇ ಚೂರಾದರೆ ಮುಂದೆ ಹೋಗುತ್ತವೆ. ವೈರಸ್ಸಿನ ಚೂರು ಕಂಡರೆ ಆ ಜೀವಕೋಶವನ್ನೇ ಕೊಲ್ಲುತ್ತವೆ. ದಿನವಿಡೀ ನಡೆಯುವ ಈ ತಪಾಸಣೆಯಿಂದಲೇ ನಾವು ಬದುಕಿದ್ದೇವೆ.

ಈ ಬೊಗಸೆಯ ಆಕಾರ ಎಲ್ಲರಲ್ಲೂ ಒಂದೇ ಅಲ್ಲ. ಆರನೇ ಕ್ರೋಮೋಸೋಮಿನ ಮೇಲಿರುವ ಎಚ್‌ಎಲ್‌ಎ ಜೀನ್‌ಗಳಷ್ಟು ವೈವಿಧ್ಯ ಇರುವ ಜೀನ್‌ಗಳು ನಮ್ಮ ದೇಹದಲ್ಲಿ ಬೇರೆ ಇಲ್ಲ. ಎಚ್‌ಎಲ್‌ಎ-ಬಿ ಎಂಬ ಒಂದೇ ಜೀನ್‌ಗೆ ಸಾವಿರಾರು ರೂಪಗಳಿವೆ. ಅಪ್ಪನಿಂದ ಒಂದು, ಅಮ್ಮನಿಂದ ಒಂದು, ಹೀಗೆ ಪ್ರತಿಯೊಬ್ಬರಿಗೂ ಎರಡು ರೂಪ ಸಿಗುತ್ತವೆ. ಈ ವೈವಿಧ್ಯಕ್ಕೆ ಅರ್ಥವಿದೆ. ಒಂದು ಹೊಸ ರೋಗಾಣು ಬಂದಾಗ ಯಾರದ್ದಾದರೂ ಬೊಗಸೆಗೆ ಅದರ ಚೂರು ಚೆನ್ನಾಗಿ ಕೂತು, ಅವರಾದರೂ ಉಳಿಯುತ್ತಾರೆ. ಹಾಗಾಗಿ ಇಂಥ ರೂಪಗಳನ್ನು ಕೆಟ್ಟ ಜೀನ್ ಎಂದು ಕರೆಯುವುದು ನನಗೆ ಸರಿ ಕಾಣುವುದಿಲ್ಲ. ಆ ಒಂದು ಔಷಧ ಎದುರಾಗುವವರೆಗೆ ಅವುಗಳಿಂದ ಯಾವ ಕೆಡುಕೂ ಇಲ್ಲ.

ತೊಂದರೆ ಶುರುವಾಗುವುದು ಔಷಧದ ಅಣು ಹೋಗಿ ಒಂದು ನಿರ್ದಿಷ್ಟ ಆಕಾರದ ಬೊಗಸೆಗೇ ಅಂಟಿಕೊಂಡಾಗ. ಬೇರೆಯವರ ಬೊಗಸೆಯಲ್ಲಿ ಅದಕ್ಕೆ ಜಾಗವೇ ಇರುವುದಿಲ್ಲ, ಇವರದ್ದರಲ್ಲಿ ಸರಿಯಾಗಿ ಕೂರುತ್ತದೆ. ಆಗ ಟಿ ಕೋಶಕ್ಕೆ ನಮ್ಮದೇ ಜೀವಕೋಶ ಪರಕೀಯವಾಗಿ ಕಾಣುತ್ತದೆ. ಎಚ್‌ಐವಿಗೆ ಕೊಡುವ ಅಬಾಕಾವಿರ್ ಔಷಧದಲ್ಲಿ ಇದನ್ನು ಅಣುಮಟ್ಟದಲ್ಲೇ ನೋಡಿದ್ದಾರೆ. ಎಚ್‌ಎಲ್‌ಎ-ಬಿ*57:01 ಎಂಬ ರೂಪದ ತಳದಲ್ಲಿ ಒಂದು ಸಣ್ಣ ಗುಳಿ ಇದೆ. ಅಬಾಕಾವಿರ್ ಹೋಗಿ ಆ ಗುಳಿಯೊಳಗೆ ಕೂತುಬಿಡುತ್ತದೆ. ತಳ ಬದಲಾದ ಮೇಲೆ ಬೊಗಸೆಗೆ ಹಿಡಿಸುವ ಚೂರುಗಳೂ ಬದಲಾಗುತ್ತವೆ. ಮೊದಲು ಎಂದೂ ಹೊರಗೆ ತೋರಿಸದಿದ್ದ ನಮ್ಮದೇ ಪ್ರೋಟೀನ್ ಚೂರುಗಳು ಹೊರಗೆ ಬರುತ್ತವೆ, ಟಿ ಕೋಶಗಳು ಅವನ್ನು ಗುರುತು ಹಿಡಿಯದೆ ದಾಳಿಗೆ ಇಳಿಯುತ್ತವೆ. ಇದರ ಹತ್ತಿರದ ಸಂಬಂಧಿ 57:03 ಎಂಬ ರೂಪಕ್ಕೂ 57:01ಕ್ಕೂ ಇರುವುದು ಎರಡೇ ಎರಡು ಅಮೈನೋ ಆಮ್ಲಗಳ ವ್ಯತ್ಯಾಸ, ಆದರೂ 57:03 ಇರುವವರಲ್ಲಿ ಅಬಾಕಾವಿರ್ ಈ ದಾಳಿ ಎಬ್ಬಿಸುವುದಿಲ್ಲ. ಅಷ್ಟು ಸೂಕ್ಷ್ಮ ಇದು.

ಹೆಸರುಗಳು ನೋಡಲು ಗೋಜಲು, ಆದರೆ ಓದುವುದು ಸುಲಭ. ಎಚ್‌ಎಲ್‌ಎ-ಬಿ*15:02 ಅಂದರೆ ಬಿ ಜೀನ್, 15ನೇ ಗುಂಪು, ಅದರಲ್ಲಿ 02 ಸಂಖ್ಯೆಯ ರೂಪ. ರಿಪೋರ್ಟಿನಲ್ಲಿ ಕೊನೆಯ ಎರಡು ಅಂಕಿಯನ್ನೂ ನೋಡಬೇಕು. 15:01 ಮತ್ತು 15:02 ಹೆಸರಲ್ಲಿ ಅಕ್ಕಪಕ್ಕ ಇದ್ದರೂ ಅಪಾಯದಲ್ಲಿ ಒಂದೇ ಅಲ್ಲ.

ಇನ್ನು ಚರ್ಮ ಸುಲಿಯುವುದು ಹೇಗೆ? ದಾಳಿಗಿಳಿದ ಟಿ ಕೋಶಗಳು ಗ್ರಾನುಲೈಸಿನ್ ಎಂಬ ವಿಷಕಾರಿ ಪ್ರೋಟೀನನ್ನು ಸುರಿಯುತ್ತವೆ. 2008ರಲ್ಲಿ ತೈವಾನಿನ ಸಂಶೋಧಕರು ರೋಗಿಗಳ ಗುಳ್ಳೆಯ ನೀರಿನಲ್ಲೇ ಇದನ್ನು ಪತ್ತೆಹಚ್ಚಿದರು. ಆ ನೀರಿನಿಂದ ತೆಗೆದ ಗ್ರಾನುಲೈಸಿನನ್ನು ಇಲಿಯ ಚರ್ಮಕ್ಕೆ ಚುಚ್ಚಿದಾಗ ಅಲ್ಲೂ ಅಂಥದೇ ಹಾನಿ ಆಯಿತು. ಬೆಂಕಿ ಇಲ್ಲ, ಬಿಸಿನೀರಿಲ್ಲ, ಆದರೂ ಚರ್ಮದ ಮೇಲ್ಪದರದ ಜೀವಕೋಶಗಳು ಒಟ್ಟೊಟ್ಟಿಗೆ ಸತ್ತು ಹಾಳೆ ಹಾಳೆಯಾಗಿ ಬಿಟ್ಟುಕೊಳ್ಳುತ್ತವೆ. ಅದಕ್ಕೇ ಇಂಥ ರೋಗಿಗಳನ್ನು ಸುಟ್ಟಗಾಯದವರನ್ನು ನೋಡಿಕೊಳ್ಳುವ ಹಾಗೆಯೇ ನೋಡಿಕೊಳ್ಳಬೇಕಾಗುತ್ತದೆ.

ನಲವತ್ತನಾಲ್ಕಕ್ಕೆ ನಲವತ್ತನಾಲ್ಕು

ಕಾರ್ಬಮಜೆಪಿನ್ ಹಳೆಯ ಔಷಧ. ಫಿಟ್ಸ್‌ಗೆ, ಮುಖದ ನರದ ಸಿಡಿತದ ನೋವಿಗೆ, ಬೈಪೋಲಾರ್ ಕಾಯಿಲೆಗೆ ಲಕ್ಷಾಂತರ ಜನ ತೆಗೆದುಕೊಳ್ಳುತ್ತಾರೆ, ಹೆಚ್ಚಿನವರಿಗೆ ಚೆನ್ನಾಗಿ ಒಗ್ಗುತ್ತದೆ. ಆದರೆ ಏಷ್ಯಾದ ಕೆಲವು ದೇಶಗಳಲ್ಲಿ ಇದರಿಂದ ಎಸ್‌ಜೆಎಸ್ ಆಗುವುದು ಯುರೋಪಿಗಿಂತ ಜಾಸ್ತಿ ಅನ್ನುವುದು ವೈದ್ಯರ ಗಮನಕ್ಕೆ ಬಂದಿತ್ತು. 2004ರಲ್ಲಿ ತೈವಾನಿನ ತಂಡವೊಂದು ಹಾನ್ ಚೀನೀ ಮೂಲದ ರೋಗಿಗಳ ಜೀನ್ ನೋಡಿತು. ಕಾರ್ಬಮಜೆಪಿನ್‌ನಿಂದ ಎಸ್‌ಜೆಎಸ್ ಆದ 44 ಜನರಲ್ಲಿ 44 ಮಂದಿಯಲ್ಲೂ ಎಚ್‌ಎಲ್‌ಎ-ಬಿ*15:02 ಇತ್ತು. ಅದೇ ಮಾತ್ರೆ ತಿಂದು ಆರಾಮಾಗಿದ್ದ 101 ಜನರಲ್ಲಿ ಇದ್ದದ್ದು ಮೂವರಲ್ಲಿ ಮಾತ್ರ. ವೈದ್ಯಕೀಯದಲ್ಲಿ ಜೀನ್ ಮತ್ತು ಕಾಯಿಲೆಯ ನಂಟು ಸಾಮಾನ್ಯವಾಗಿ ಮಸುಕಾಗಿರುತ್ತದೆ, ಸ್ವಲ್ಪ ಜಾಸ್ತಿ, ಸ್ವಲ್ಪ ಕಡಿಮೆ ಅನ್ನುವ ಹಾಗೆ. ಇಷ್ಟು ಖಡಾಖಂಡಿತವಾದ ಉತ್ತರ ಸಿಗುವುದು ತೀರಾ ಕಮ್ಮಿ.

ಮರುವರ್ಷ, 2005ರಲ್ಲಿ, ಅದೇ ತಂಡ ಅಲೋಪ್ಯುರಿನಾಲ್ ನೋಡಿತು. ಯೂರಿಕ್ ಆಸಿಡ್ ಇಳಿಸಲು, ಗೌಟ್ ಎಂಬ ಕೀಲುನೋವು ತಡೆಯಲು ಕೊಡುವ ಮಾತ್ರೆ. ತೀವ್ರ ಚರ್ಮ ಪ್ರತಿಕ್ರಿಯೆ ಆದ 51 ಜನರಲ್ಲಿ 51 ಮಂದಿಗೂ ಎಚ್‌ಎಲ್‌ಎ-ಬಿ*58:01 ಇತ್ತು. ಮಾತ್ರೆ ಒಗ್ಗಿದ 135 ಜನರಲ್ಲಿ 20 ಮಂದಿಗೆ ಇತ್ತು. ಈ ಕೊನೆಯ ಅಂಕಿಯನ್ನು ನೆನಪಿಟ್ಟುಕೊಳ್ಳಿ, ಅದಕ್ಕೆ ಮತ್ತೆ ಬರುತ್ತೇನೆ.

ಪತ್ತೆ ಮಾಡುವುದು ಒಂದು, ಅದರಿಂದ ಜನ ಉಳಿಯುವುದು ಇನ್ನೊಂದು. ಉಳಿಯುತ್ತಾರೆ ಅನ್ನುವುದಕ್ಕೆ ಮೊದಲ ಗಟ್ಟಿ ಸಾಕ್ಷಿ ಅಬಾಕಾವಿರ್‌ನಿಂದ ಬಂತು. ಅದರ ಅಲರ್ಜಿ ಎಸ್‌ಜೆಎಸ್ ತರಹದ್ದಲ್ಲ. ಜ್ವರ, ದದ್ದು, ವಾಂತಿ, ಉಸಿರಾಟದ ತೊಂದರೆ ಒಟ್ಟಿಗೆ ಬರುತ್ತವೆ, ನಿಲ್ಲಿಸಿ ಮತ್ತೆ ಶುರು ಮಾಡಿದರೆ ಜೀವಕ್ಕೇ ಅಪಾಯ. 2008ರಲ್ಲಿ ಪ್ರಕಟವಾದ ಒಂದು ದೊಡ್ಡ ಪ್ರಯೋಗದಲ್ಲಿ 19 ದೇಶಗಳ 1956 ರೋಗಿಗಳನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಮೊದಲೇ 57:01 ಪರೀಕ್ಷೆ ಮಾಡಿ, ಇದ್ದವರಿಗೆ ಅಬಾಕಾವಿರ್ ಕೊಡಲಿಲ್ಲ. ಇನ್ನೊಂದು ಗುಂಪಿಗೆ ವಾಡಿಕೆಯ ಹಾಗೆ ಕೊಟ್ಟರು. ಚರ್ಮದ ಪ್ಯಾಚ್ ಟೆಸ್ಟ್‌ನಲ್ಲಿ ಖಚಿತವಾದ ಅಲರ್ಜಿ ಎರಡನೇ ಗುಂಪಿನಲ್ಲಿ ಶೇಕಡಾ 2.7, ಮೊದಲನೇ ಗುಂಪಿನಲ್ಲಿ ಸೊನ್ನೆ. ಈಗ ಈ ಪರೀಕ್ಷೆ ಮಾಡದೆ ಅಬಾಕಾವಿರ್ ಶುರು ಮಾಡಬಾರದು ಎಂಬುದೇ ಚಿಕಿತ್ಸೆಯ ನಿಯಮ.

ಕಾರ್ಬಮಜೆಪಿನ್ ಮೇಲೆ ತೈವಾನಿನಲ್ಲಿ ನಡೆದ ಪ್ರಯೋಗ 2011ರಲ್ಲಿ ಹೊರಬಂತು. 4877 ಜನರನ್ನು ಮಾತ್ರೆ ಶುರು ಮಾಡುವ ಮೊದಲೇ ಪರೀಕ್ಷೆ ಮಾಡಿದರು. ಶೇಕಡಾ 7.7 ಜನರಿಗೆ 15:02 ಇತ್ತು, ಅವರಿಗೆ ಬೇರೆ ಔಷಧ ಕೊಟ್ಟರು. ಉಳಿದವರು ಕಾರ್ಬಮಜೆಪಿನ್ ತೆಗೆದುಕೊಂಡರು. ಹಳೆಯ ಲೆಕ್ಕದ ಪ್ರಕಾರ ಅಷ್ಟು ಜನರಲ್ಲಿ ಸುಮಾರು ಹತ್ತು ಮಂದಿಗೆ ಎಸ್‌ಜೆಎಸ್ ಅಥವಾ ಟೆನ್ ಆಗಬೇಕಿತ್ತು. ಒಬ್ಬರಿಗೂ ಆಗಲಿಲ್ಲ. ಶೇಕಡಾ 4.3 ಜನರಿಗೆ ಸಣ್ಣಪುಟ್ಟ ದದ್ದು ಬಂದು ಹೋಯಿತು, ಅಷ್ಟೇ. ಆ ಹತ್ತು ಜನ ಯಾರು ಅಂತ ಯಾರಿಗೂ ಎಂದೂ ಗೊತ್ತಾಗುವುದಿಲ್ಲ. ಅವರಿಗೂ ಗೊತ್ತಿಲ್ಲ. ನನಗೆ ಈ ಇಡೀ ವಿಷಯದಲ್ಲಿ ಮನಸ್ಸಿಗೆ ತಟ್ಟುವುದು ಇದೇ.

ಹಾಂಗ್‌ಕಾಂಗಿನ ಅನುಭವವನ್ನೂ ಇಲ್ಲಿ ಹೇಳಲೇಬೇಕು. ಅಲ್ಲಿ 2008ರಿಂದ ಕಾರ್ಬಮಜೆಪಿನ್‌ಗೆ ಮೊದಲು ಪರೀಕ್ಷೆ ಮಾಡಬೇಕೆಂಬ ನೀತಿ ಬಂತು. ಕಾರ್ಬಮಜೆಪಿನ್‌ನಿಂದ ಆಗುತ್ತಿದ್ದ ಎಸ್‌ಜೆಎಸ್ ನಿಂತಿತು. ಆದರೆ ಫಿಟ್ಸ್ ಔಷಧಗಳಿಂದ ಆಗುವ ಒಟ್ಟು ಪ್ರಮಾಣ ಇಳಿಯಲಿಲ್ಲ! ಯಾಕೆಂದರೆ ಪರೀಕ್ಷೆಯ ಫಲಿತಾಂಶಕ್ಕೆ ಕಾಯುವ ಬದಲು ಫೆನಿಟಾಯಿನ್‌ನಂಥ ಬೇರೆ ಔಷಧ ಬರೆಯುವುದು ಜಾಸ್ತಿಯಾಯಿತು, ಮತ್ತು ಫೆನಿಟಾಯಿನ್‌ನಿಂದ ಆಗುವ ಎಸ್‌ಜೆಎಸ್ ಏರಿತು. ಕಾರ್ಬಮಜೆಪಿನ್, ಆಕ್ಸ್‌ಕಾರ್ಬಜೆಪಿನ್, ಫೆನಿಟಾಯಿನ್, ಫಿನೋಬಾರ್ಬಿಟಾಲ್ ಇವುಗಳ ಅಣುರಚನೆಯಲ್ಲಿ ಹೋಲಿಕೆ ಇದೆ, ಒಂದಕ್ಕೆ ಹೀಗಾದರೆ ಇನ್ನೊಂದಕ್ಕೂ ಆಗಬಹುದು. 15:02 ಇದ್ದವರಿಗೆ ಫೆನಿಟಾಯಿನ್ ಮತ್ತು ಆಕ್ಸ್‌ಕಾರ್ಬಜೆಪಿನ್ ಕೂಡ ಅಪಾಯವೇ. ಹಾಗಾಗಿ ಮಾತ್ರೆ ಬದಲಿಸುವುದು ಅಂದರೆ ಈ ಗುಂಪಿನಿಂದ ಹೊರಗೆ ಹೋಗುವುದು. ಲೆವೆಟಿರಾಸಿಟಾಮ್, ವ್ಯಾಲ್ಪ್ರೋಯೇಟ್ ಈ ಗುಂಪಿಗೆ ಸೇರಿಲ್ಲ.

ಪಾಸಿಟಿವ್ ಅಂದರೆ ಕಾಯಿಲೆ ಬರುತ್ತದೆ ಎಂದಲ್ಲ

ಈಗ ಆ 135ರಲ್ಲಿ 20ಕ್ಕೆ ಬರೋಣ. ಆ ಇಪ್ಪತ್ತು ಜನರ ಮೈಯಲ್ಲಿ 58:01 ಇತ್ತು, ಅಲೋಪ್ಯುರಿನಾಲ್ ಕೂಡ ತೆಗೆದುಕೊಂಡರು, ಏನೂ ಆಗಲಿಲ್ಲ. ತೈವಾನಿನ ಕಾರ್ಬಮಜೆಪಿನ್ ಪ್ರಯೋಗದಲ್ಲೂ ಅಷ್ಟೇ. ಪಾಸಿಟಿವ್ ಬಂದವರು ಸುಮಾರು 370 ಜನ, ತಪ್ಪಿದ ಕೇಸು ಹತ್ತರ ಆಸುಪಾಸು. ಅಂದರೆ ಅಷ್ಟೂ ಜನ ಮಾತ್ರೆ ನುಂಗಿದ್ದರೂ ಹೆಚ್ಚಿನವರಿಗೆ ತೊಂದರೆ ಆಗುತ್ತಿರಲಿಲ್ಲ. ಬೊಗಸೆಯ ಆಕಾರ ಇದ್ದರೆ ಸಾಲದು. ಆ ಬೊಗಸೆ ಮತ್ತು ಔಷಧ ಎರಡನ್ನೂ ಒಟ್ಟಿಗೆ ಕಂಡು ಕೆರಳುವ ಟಿ ಕೋಶವೂ ಇರಬೇಕು. ಅಂಥ ಟಿ ಕೋಶ ಎಲ್ಲರಲ್ಲೂ ಇರುವುದಿಲ್ಲ. ಒಗ್ಗಿಕೊಂಡವರಲ್ಲಿ ಅಪರೂಪವಾಗಿರುವ ಒಂದೇ ಮಾದರಿಯ ಟಿ ಕೋಶಗಳು ಕಾರ್ಬಮಜೆಪಿನ್ ಎಸ್‌ಜೆಎಸ್ ರೋಗಿಗಳಲ್ಲಿ ಮತ್ತೆ ಮತ್ತೆ ಸಿಕ್ಕಿವೆ.

ಹಾಗಾದರೆ ಪಾಸಿಟಿವ್ ಬಂದವರೆಲ್ಲ ಸುಮ್ನೆ ಮಾತ್ರೆ ಬಿಡಬೇಕಾ? ಬೇರೆ ಒಳ್ಳೆಯ ಔಷಧ ಇರುವಾಗ ಹೌದು, ಬಿಡಬೇಕು ಅನ್ನುವುದೇ ನನ್ನ ಅಭಿಪ್ರಾಯ. ಒಂದು ಕಡೆ ಮಾತ್ರೆ ಬದಲಿಸುವ ಸಣ್ಣ ಕಷ್ಟ, ಇನ್ನೊಂದು ಕಡೆ ಕಣ್ಣು, ಚರ್ಮ, ಜೀವ. ಆದರೆ ಪಾಸಿಟಿವ್ ಎಂದು ಕಂಡಾಗ ಹೆದರಿ ಕೂರುವುದು ಬೇಡ. ಅದು ರೋಗದ ಹೆಸರಲ್ಲ, ನಿಮಗೆ ಯಾವ ಮಾತ್ರೆ ಬೇಡ ಎಂಬ ಮಾಹಿತಿ. ಇನ್ನೊಂದು ಸಮಾಧಾನದ ಸಂಗತಿ: ಕಾರ್ಬಮಜೆಪಿನ್‌ನಿಂದ ಆಗುವ ಎಸ್‌ಜೆಎಸ್ ಹೆಚ್ಚುಕಡಿಮೆ ಯಾವಾಗಲೂ ಮೊದಲ ಎರಡು ಮೂರು ತಿಂಗಳಲ್ಲೇ ಬರುತ್ತದೆ. ವರ್ಷಗಟ್ಟಲೆ ತೆಗೆದುಕೊಂಡು ಆರಾಮಾಗಿರುವವರು ಇದನ್ನು ಓದಿ ಗಾಬರಿಯಾಗಬೇಕಿಲ್ಲ. ಫಿಟ್ಸ್ ಮಾತ್ರೆಯನ್ನು ತಾವಾಗಿಯೇ ನಿಲ್ಲಿಸುವುದಂತೂ ಬೇಡವೇ ಬೇಡ, ಅದರಿಂದ ಫಿಟ್ಸ್ ಮರುಕಳಿಸಿ ಜೀವಕ್ಕೆ ಕುತ್ತು ಬರಬಹುದು.

ನೆಗೆಟಿವ್ ಬಂದರೂ ಅಪಾಯ ಪೂರ್ತಿ ಇಲ್ಲ ಎಂದಲ್ಲ. ಕಾರ್ಬಮಜೆಪಿನ್‌ಗೆ 15:02 ಒಂದೇ ಬಾಗಿಲಲ್ಲ. ಎಚ್‌ಎಲ್‌ಎ-ಎ*31:01 ಎಂಬ ಇನ್ನೊಂದು ರೂಪ ಯುರೋಪ್ ಮತ್ತು ಜಪಾನಿನ ರೋಗಿಗಳಲ್ಲಿ 2011ರಲ್ಲಿ ಪತ್ತೆಯಾಯಿತು, ಅದರ ನಂಟು ಡ್ರೆಸ್ ಜೊತೆ ಬಿಗಿಯಾಗಿದೆ. 15:11 ಎಂಬ ಸಮೀಪದ ರೂಪದಿಂದಲೂ ಅಪಾಯ ಕಂಡುಬಂದಿದೆ. ಜೊತೆಗೆ, ಒಂದು ಔಷಧಕ್ಕೆ ಮಾಡಿಸಿದ ಪರೀಕ್ಷೆ ಇನ್ನೊಂದಕ್ಕೆ ಲೆಕ್ಕಕ್ಕಿಲ್ಲ. 15:02 ನೆಗೆಟಿವ್ ಎಂಬ ರಿಪೋರ್ಟ್ ಅಲೋಪ್ಯುರಿನಾಲ್ ಬಗ್ಗೆ ಒಂದಕ್ಷರವನ್ನೂ ಹೇಳುವುದಿಲ್ಲ.

ಯಾವ ಜನರಲ್ಲಿ ಎಷ್ಟು ಅನ್ನುವುದೂ ಬೇರೆ ಬೇರೆ. ತೈವಾನ್, ಥಾಯ್ಲೆಂಡ್, ಮಲೇಷ್ಯಾ, ಫಿಲಿಪ್ಪೀನ್ಸ್ ಕಡೆ 15:02 ಸಾಮಾನ್ಯ. ಜಪಾನ್, ಕೊರಿಯಾದಲ್ಲಿ ನೂರಕ್ಕೆ ಒಬ್ಬರಿಗಿಂತ ಕಡಿಮೆ, ಯುರೋಪಿನ ಮೂಲದವರಲ್ಲಿ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಭಾರತೀಯರೂ ಸೇರಿದಂತೆ ದಕ್ಷಿಣ ಏಷ್ಯಾದವರನ್ನು ನಡುವೆ ಇಟ್ಟಿದೆ: ಸರಾಸರಿ ಶೇಕಡಾ 2ರಿಂದ 4, ಕೆಲವು ಸಮುದಾಯಗಳಲ್ಲಿ ಇನ್ನೂ ಜಾಸ್ತಿ. 2007ರ ಡಿಸೆಂಬರಿನಲ್ಲೇ ಅದು ಏಷ್ಯಾ ಮೂಲದವರಿಗೆ ಕಾರ್ಬಮಜೆಪಿನ್ ಕೊಡುವ ಮುನ್ನ ಪರೀಕ್ಷೆ ಮಾಡಿಸಿ ಎಂದು ಎಚ್ಚರಿಸಿತು. ಏಷ್ಯಾ ಅನ್ನುವ ಒಂದೇ ಪದದಲ್ಲಿ ಎಷ್ಟು ಬಗೆಯ ಜನರಿದ್ದಾರೆ! ಮುಖ ನೋಡಿ, ಊರು ಕೇಳಿ ಜೀನ್ ಊಹಿಸಲಾಗದು, ಪರೀಕ್ಷೆಯೇ ಬೇಕು ಅನ್ನುವುದಕ್ಕೆ ಇದೇ ಕಾರಣ.

ಕುಷ್ಠರೋಗಕ್ಕೂ ಬೇರೆ ಕೆಲವು ಚರ್ಮರೋಗಗಳಿಗೂ ಕೊಡುವ ಡ್ಯಾಪ್ಸೋನ್‌ನ ಕಥೆಯೂ ಹೀಗೇ. ಎಚ್‌ಎಲ್‌ಎ-ಬಿ*13:01 ಇದ್ದವರಲ್ಲಿ ಅದರಿಂದ ತೀವ್ರ ಅಲರ್ಜಿ ಆಗುತ್ತದೆ ಎಂದು 2013ರಲ್ಲಿ ಚೀನಾದಲ್ಲಿ ಪತ್ತೆಯಾಯಿತು. ಈ ರೂಪ ಭಾರತೀಯರಲ್ಲಿ ಶೇಕಡಾ 1ರಿಂದ 12ರವರೆಗೆ ಇದೆ. ಮುಂದೆ ಪರೀಕ್ಷೆ ಮಾಡಿ ನೆಗೆಟಿವ್ ಬಂದವರಿಗಷ್ಟೇ ಡ್ಯಾಪ್ಸೋನ್ ಕೊಟ್ಟು ನೋಡಿದಾಗ ಯಾರಿಗೂ ಆ ಅಲರ್ಜಿ ಆಗಲಿಲ್ಲ.

ಎಲ್ಲ ಅಪಾಯವೂ ಎಚ್‌ಎಲ್‌ಎಯದ್ದೇ ಅಲ್ಲ. ಫೆನಿಟಾಯಿನ್‌ನಲ್ಲಿ ಲಿವರಿನ ಪಾತ್ರವೂ ಇದೆ. ಅದನ್ನು ಕರಗಿಸಿ ಹೊರಹಾಕುವ ಸಿವೈಪಿ2ಸಿ9 ಎಂಬ ಕಿಣ್ವ ಕೆಲವರಲ್ಲಿ ಹುಟ್ಟಿನಿಂದಲೇ ನಿಧಾನ. *3 ಎಂಬ ರೂಪ ಇದ್ದವರಲ್ಲಿ ಔಷಧ ರಕ್ತದಲ್ಲಿ ಹೆಚ್ಚು ಹೊತ್ತು ನಿಲ್ಲುತ್ತದೆ, ತೀವ್ರ ಚರ್ಮ ಪ್ರತಿಕ್ರಿಯೆಯ ಅಪಾಯ ಏರುತ್ತದೆ. ಇದನ್ನು 2014ರಲ್ಲಿ ತೋರಿಸಿದ್ದಾರೆ. ಜೀನ್ ಅಲ್ಲದ ಕಾರಣಗಳೂ ಇವೆ. ಕಿಡ್ನಿ ದುರ್ಬಲವಾಗಿದ್ದವರಿಗೆ ಅಲೋಪ್ಯುರಿನಾಲ್ ಅನ್ನು ಮೊದಲ ದಿನದಿಂದಲೇ ದೊಡ್ಡ ಡೋಸ್‌ನಲ್ಲಿ ಕೊಟ್ಟರೆ ಅಪಾಯ ಜಾಸ್ತಿ, ಅದಕ್ಕೇ ದಿನಕ್ಕೆ 100 ಮಿಲಿಗ್ರಾಂ ಅಥವಾ ಇನ್ನೂ ಕಡಿಮೆಯಿಂದ ಶುರು ಮಾಡಿ ಮೆಲ್ಲಗೆ ಏರಿಸುತ್ತಾರೆ. ಲ್ಯಾಮೋಟ್ರಿಜಿನ್ ಎಂಬ ಫಿಟ್ಸ್ ಮಾತ್ರೆಯನ್ನೂ ವಾರವಾರ ಸ್ವಲ್ಪ ಸ್ವಲ್ಪವೇ ಏರಿಸಬೇಕು. ವ್ಯಾಲ್ಪ್ರೋಯೇಟ್ ಜೊತೆಗಿದ್ದರೆ ಇನ್ನೂ ನಿಧಾನ, ಯಾಕೆಂದರೆ ಅದು ಲ್ಯಾಮೋಟ್ರಿಜಿನ್ ಮೈಯಿಂದ ಹೊರಹೋಗುವುದನ್ನು ತಡೆಯುತ್ತದೆ. ಡೋಸ್ ಏರಿಸಲು ಡಾಕ್ಟರು ಇಷ್ಟು ತಡ ಮಾಡುತ್ತಾರಲ್ಲ ಎಂದು ಬೇಸರಪಡುವವರಿಗೆ ಇದು ತಿಳಿದಿರಬೇಕು.

ಪರೀಕ್ಷೆಗೆ ಹೋಗುವವರಿಗೆ

ಪರೀಕ್ಷೆ ಸರಳ. ಸ್ವಲ್ಪ ರಕ್ತ ಅಥವಾ ಎಂಜಲು ಸಾಕು, ಅದರಿಂದ ಡಿಎನ್‌ಎ ತೆಗೆದು ಆ ನಿರ್ದಿಷ್ಟ ರೂಪ ಇದೆಯೇ ಎಂದು ನೋಡುತ್ತಾರೆ. ಜೀನ್ ಬದಲಾಗುವುದಿಲ್ಲವಾದ್ದರಿಂದ ಜೀವನದಲ್ಲಿ ಒಮ್ಮೆ ಮಾಡಿಸಿದರೆ ಸಾಕು. ರಿಪೋರ್ಟ್ ಜೋಪಾನ ಮಾಡಿ. ಅಪ್ಪ-ಅಮ್ಮನಿಂದ ಬಂದ ಜೀನ್‌ನ ಎರಡು ಪ್ರತಿಗಳಲ್ಲಿ ಒಂದರಲ್ಲಿ ಆ ರೂಪ ಇದ್ದರೂ ಅದು ಪಾಸಿಟಿವ್ ಅಂತಲೇ ಲೆಕ್ಕ. ಮುಖ್ಯವಾದ್ದು ಫಲಿತಾಂಶ ಬರುವವರೆಗೆ ಕಾಯುವುದು. ಮಾತ್ರೆ ಶುರು ಮಾಡಿ, ಆಮೇಲೆ ರಿಪೋರ್ಟ್ ನೋಡೋಣ ಅಂದರೆ ಊರೆಲ್ಲ ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ. ಕಾರ್ಬಮಜೆಪಿನ್, ಅಲೋಪ್ಯುರಿನಾಲ್, ಅಬಾಕಾವಿರ್, ಡ್ಯಾಪ್ಸೋನ್ ಇವುಗಳಲ್ಲಿ ಯಾವುದನ್ನಾದರೂ ಹೊಸದಾಗಿ ಬರೆದುಕೊಟ್ಟರೆ, "ಡಾಕ್ಟ್ರೇ, ಇದಕ್ಕೆ ಎಚ್‌ಎಲ್‌ಎ ಟೆಸ್ಟ್ ಬೇಕಾ?" ಎಂದು ಕೇಳಿ. ಸಂಕೋಚ ಬೇಡ. ತುರ್ತಾಗಿ ಔಷಧ ಬೇಕಿದ್ದರೆ ಅಲ್ಲಿಯವರೆಗೆ ಬೇರೆ ಗುಂಪಿನ ಮಾತ್ರೆ ಕೊಡಲು ಸಾಧ್ಯವೇ ಎಂದೂ ಕೇಳಬಹುದು.

ಜೀನ್ ಪರೀಕ್ಷೆ ಇಲ್ಲದ ಔಷಧಗಳೇ ಜಾಸ್ತಿ. ಸಲ್ಫಾ ಗುಂಪಿನ ಆಂಟಿಬಯಾಟಿಕ್‌ಗಳು, ಕೆಲವು ನೋವಿನ ಮಾತ್ರೆಗಳು, ಹೀಗೆ. ಅಲ್ಲಿ ನಮಗಿರುವ ಆಸರೆ ಲಕ್ಷಣವನ್ನು ಬೇಗ ಗುರುತಿಸುವುದು ಒಂದೇ. ಹೊಸ ಮಾತ್ರೆ ಶುರುವಾದ ಮೊದಲ ಎರಡು ತಿಂಗಳಲ್ಲಿ ಜ್ವರದ ಜೊತೆ ದದ್ದು ಬಂದರೆ, ಕಣ್ಣು ಕೆಂಪಾಗಿ ಉರಿದರೆ, ಬಾಯಿ ಅಥವಾ ಗುಪ್ತಾಂಗದಲ್ಲಿ ಹುಣ್ಣಾದರೆ, ಚರ್ಮ ಮುಟ್ಟಿದರೆ ನೋವಾದರೆ, ಗುಳ್ಳೆ ಎದ್ದರೆ, ಮುಖ ಊದಿದರೆ ಬೆಳಗಾಗಲಿ ಎಂದು ಕಾಯಬೇಡಿ. ಆ ಕ್ಷಣವೇ ಆಸ್ಪತ್ರೆಗೆ ಹೋಗಿ, ತೆಗೆದುಕೊಳ್ಳುತ್ತಿರುವ ಎಲ್ಲ ಮಾತ್ರೆಗಳನ್ನೂ ಕವರ್ ಸಮೇತ ಒಯ್ಯಿರಿ, ಯಾವುದನ್ನು ಯಾವ ದಿನ ಶುರು ಮಾಡಿದ್ದು ಎಂದು ಹೇಳಿ. ಕಾರಣವಾದ ಮಾತ್ರೆ ಎಷ್ಟು ಬೇಗ ನಿಂತರೆ ಬದುಕುವ ಸಾಧ್ಯತೆ ಅಷ್ಟು ಜಾಸ್ತಿ. ಈ ಒಂದು ತಾರೀಖು ವೈದ್ಯರಿಗೆ ಎಷ್ಟು ನೆರವಾಗುತ್ತದೆ ಎಂದರೆ, ಹತ್ತು ಮಾತ್ರೆಗಳ ನಡುವೆ ತಪ್ಪಿತಸ್ಥ ಯಾವುದು ಎಂದು ಹುಡುಕುವುದು ಬಹುಮಟ್ಟಿಗೆ ಅದರ ಮೇಲೆಯೇ ನಿಂತಿದೆ.

ಒಮ್ಮೆ ಹೀಗಾದವರು ಆ ಔಷಧವನ್ನು ಮತ್ತೆಂದೂ ಮುಟ್ಟಬಾರದು. ಬ್ರ್ಯಾಂಡ್ ಹೆಸರು ಬರೆದಿಟ್ಟುಕೊಂಡರೆ ಸಾಲದು, ಅದೇ ಔಷಧ ಹತ್ತಾರು ಹೆಸರಿನಲ್ಲಿ ಸಿಗುತ್ತದೆ. ಒಳಗಿರುವ ಔಷಧದ ಹೆಸರು, ಅದೇ ಗುಂಪಿನ ಬೇರೆ ಔಷಧಗಳ ಹೆಸರು, ಆದದ್ದು ಏನು, ಯಾವ ವರ್ಷ, ಇಷ್ಟನ್ನೂ ಒಂದು ಚೀಟಿಯಲ್ಲಿ ಬರೆದು ಪರ್ಸಿನಲ್ಲಿ ಇಟ್ಟುಕೊಳ್ಳಬೇಕು. ಮನೆಯ ಇನ್ನೊಬ್ಬರಿಗೂ ಅದು ಗೊತ್ತಿರಬೇಕು, ಯಾಕೆಂದರೆ ಪ್ರಜ್ಞೆ ಇಲ್ಲದಾಗ ಹೇಳಬೇಕಾದವರು ಅವರೇ. ಒಬ್ಬರಲ್ಲಿ ಈ ಜೀನ್ ರೂಪದ ಒಂದು ಪ್ರತಿ ಇದ್ದರೆ ಅವರ ಪ್ರತಿ ಮಗುವಿಗೂ ಅದು ಬರುವ ಸಾಧ್ಯತೆ ಅರ್ಧಕ್ಕರ್ಧ. ಒಡಹುಟ್ಟಿದವರಲ್ಲೂ ಇರುವ ಸಾಧ್ಯತೆ ಕಡಿಮೆಯೇನಲ್ಲ. ಅಣ್ಣನಿಗೆ ಅಲೋಪ್ಯುರಿನಾಲ್‌ನಿಂದ ಹೀಗಾಗಿದ್ದರೆ, ಹತ್ತು ವರ್ಷದ ನಂತರ ತಂಗಿಗೆ ಯೂರಿಕ್ ಆಸಿಡ್ ಏರಿ ಅದೇ ಮಾತ್ರೆ ಬರೆದಾಗ ಆಕೆ ಅದನ್ನು ವೈದ್ಯರ ಎದುರು ನೆನಪಿನಿಂದ ಹೇಳಬೇಕು: ನಮ್ಮಣ್ಣನಿಗೆ ಈ ಮಾತ್ರೆಯಿಂದ ಚರ್ಮ ಸುಲಿದಿತ್ತು, ನನಗೆ ಮೊದಲು 58:01 ನೋಡಿ.